ಆರ್ಕ್ಟಿಕ್ ಫ್ಯೂರಿ ಮತ್ತು ಸೋದರಮಾವನ ಹಕ್ಕು

ನಮ್ಮ ಕಡೆ ಮದುವೆಯಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರುವ ಹಕ್ಕು ಸೋದರಮಾವನದು. ಅಪ್ಪ ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಆ ಹೊತ್ತಿಗೆ ಅವನು ಪಕ್ಕಕ್ಕೆ ಸರಿದು ನಿಲ್ಲಬೇಕು. ಛತ್ರಗಳು ಊರಾಚೆ ಹೋದ ಮೇಲೆ ಈ ಹಕ್ಕಿಗೆ ಒಂದು ಬಾಲ ಸೇರಿಕೊಂಡಿತು. ಮನೆಯಿಂದ ಛತ್ರಕ್ಕೆ ಹೆಣ್ಣು ಬರುವುದೂ ಸೋದರಮಾವನ ಗಾಡಿಯಲ್ಲೇ. ಗಾಡಿ ಇಲ್ಲದ ಸೋದರಮಾವ ಬಾಡಿಗೆಗೆ ಒಂದು ತಂದು ಮುಂದಿನ ಸೀಟಿನಲ್ಲಿ ಕೂತುಕೊಳ್ಳುತ್ತಾನೆ, ಮುಗಿಯಿತು. ನನ್ನ ಪಕ್ಕದ ಮನೆಯ ಶಿವಮಲ್ಲುವಿಗೆ ಸ್ವಂತ ಗಾಡಿ ಇತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಶಿವಮಲ್ಲುವಿಗೆ ಚಾಮರಾಜನಗರದಲ್ಲಿ ಅರಿಶಿನದ ವ್ಯಾಪಾರ. ಗಾಡಿ ಒಂದು ಓಮ್ನಿ. ಹುಟ್ಟಿದಾಗ ಅದು ಬಿಳಿ. ಗುಂಡ್ಲುಪೇಟೆ, ತೆರಕಣಾಂಬಿ, ಸಂತೆಮರಹಳ್ಳಿ ಅಂತ ಅರಿಶಿನದ ಮೂಟೆ ಹೊತ್ತು ಹೊತ್ತು ಅದರ ಬಣ್ಣ ಏನಾಗಿತ್ತು ಎಂದು ನಾನು ಹೇಳಲಾರೆ; ಆರ್‌ಟಿಒದವರಿಗೂ ಹೇಳಲು ಆಗಿರಲಿಲ್ಲ. ಬಿಳಿ ಪಂಚೆ ಉಟ್ಟವರು ಅದರಲ್ಲಿ ಒಂದು ಸಲ ಕೂತು ಇಳಿದರೆ ಹಿಂದಿನಿಂದ ನೋಡಿದವರು ‘ಮದುವೆ ಯಾವಾಗ?’ ಎಂದು ಕೇಳುತ್ತಿದ್ದರು.

ಅವನ ಅಕ್ಕ ಗಂಗಾಂಬಿಕೆಯನ್ನು ಪುಣಜನೂರಿಗೆ ಕೊಟ್ಟಿತ್ತು. ಅವಳ ಮಗಳು ಚೈತ್ರ ಹೈಸ್ಕೂಲಿನಲ್ಲಿ ಪಿಟಿ ಮೇಡಂ. ಗುಂಡು ಎಸೆತದಲ್ಲಿ ಜಿಲ್ಲೆಗೇ ಮೊದಲು ಬಂದವಳು. ಆಳು ಹಾಗೇ ಇದ್ದಳು. ಗುಂಡ್ಲುಪೇಟೆಯ ಪ್ರದೀಪನ ಜೊತೆ ಮದುವೆ ನಿಶ್ಚಯವಾಯಿತು. ಸೋಮವಾರ ಬೆಳಿಗ್ಗೆ ಮುಹೂರ್ತ, ಭಾನುವಾರ ಸಂಜೆ ಗುಂಡ್ಲುಪೇಟೆಯ ಛತ್ರದಲ್ಲಿ ಆರತಕ್ಷತೆ. ಮದುವೆಗೆ ವಾರ ಇರುವಾಗ ಗಂಗಾಂಬಿಕೆ ಬಸ್ಸು ಹತ್ತಿ ತಮ್ಮನ ಮನೆಗೆ ಬಂದಳು. ಕಾಫಿ ಲೋಟ ಕೆಳಗಿಡುವ ಮೊದಲೇ ವಿಷಯಕ್ಕೆ ಬಂದಳು.

“ಲೋ ಮಲ್ಲು, ಗಂಡಿನ ಕಡೆಯವ್ರು ಎಣ್ಣು ಕರ್ಕಂಡ್ ಬರಕ್ಕೆ ಕರೀ ಕಾರು ಕಳುಸ್ತೀವಿ ಅಂದವ್ರೆ ಕಣ್ಲಾ. ಮೇಲ್ಗಡೆ ಕಿಟ್ಕಿ ಇದ್ದದಂತೆ. ಆಕಾಸ ಕಾಣ್ತದಂತೆ.”

“ಆಕಾಸ ನೋಡಕ್ಕೆ ಮದ್ವೆ ಯಾಕಕ್ಕ ಆಗ್ಬೇಕು? ಸೋದರ್ಮಾವ ನಾನಿನ್ನೂ ಬದ್ಕಿವ್ನಿ.”

“ನೀನು ಬದ್ಕಿದ್ದೀಯೆ, ಸರಿ. ನಿನ್ ಗಾಡಿ ಬದ್ಕಿದ್ದದಾ?”

ಶಿವಮಲ್ಲುವಿನ ಹೆಂಡತಿ ಮಹಾಲಕ್ಷ್ಮಮ್ಮ ಒಳಗಿನಿಂದ ನಕ್ಕದ್ದು ನನಗೂ ಕೇಳಿಸಿತು. ನಾನು ಜಗಲಿಯ ಮೇಲೆ ಕೂತಿದ್ದೆ. ಅಲ್ಲಿ ಕೂರುವುದೇ ನನ್ನ ಕೆಲಸ.

ಗಂಗಾಂಬಿಕೆ ತೀರ್ಪು ಕೊಟ್ಟಳು. “ಭಾನ್ವಾರ ನಾಕೂವರೆಗೆ ರಾಹುಕಾಲ. ಅದ್ಕಿಂತ ಮುಂಚೆ ನಿನ್ ಗಾಡಿ ನಮ್ ಬಾಗ್ಲಿಗೆ ಬರ್ಬೇಕು. ಬೆಳ್ಳಗೆ ಬರ್ಬೇಕು. ಹಿಂಗೇ ಅರಿಶಿನದ ಕೊಂಬಿನಂಗೆ ಬತ್ತು ಅಂದ್ರೆ ನಾನು ಮಗ್ಳನ್ನ ಕರೀ ಕಾರಲ್ಲೇ ಕೂರ್ಸದು. ಆಮೇಲೆ ಸೋದರ್ಮಾವ ಅಂತ ಮೂತಿ ಊದುಸ್ಕಬ್ಯಾಡ.”

ಅಕ್ಕ ಬಸ್ಸು ಹತ್ತಿದ ಮೇಲೆ ನಾನು ಅವನಿಗೆ ಹೇಳಿದೆ, ವಾಟರ್ ಸರ್ವಿಸ್‌ನವರಿಗೆ ಕೊಡು, ತೊಳೆದುಕೊಡುತ್ತಾರೆ ಎಂದು. ಒಪ್ಪಲಿಲ್ಲ. ಫೋನಿನಲ್ಲಿ ಯಾವುದೋ ಹುಡುಗ ಕಾರಿಗೆ ನೊರೆ ಹೊಡೆದು, ಒರೆಸಿ, ಅದರಲ್ಲಿ ತನ್ನ ಮುಖ ನೋಡಿಕೊಳ್ಳುವ ವಿಡಿಯೊ ನೋಡಿದ್ದ. ಅದಕ್ಕೆ ಡೀಟೇಲಿಂಗ್ ಅನ್ನುತ್ತಾರಂತೆ. “ಅದೇನು ಬ್ರಹ್ಮವಿದ್ಯೆನಾ ಗುರುಪಾದಣ್ಣ? ಮೂವತ್ತು ವರ್ಸದಿಂದ ಗಾಡಿ ಮಡಗಿವ್ನಿ, ನಂಗೊತ್ತಿಲ್ವಾ?” ಎಂದ. ಗಾಡಿ ಇಟ್ಟು ಮೂವತ್ತು ವರ್ಷವಾಗಿತ್ತು, ನಿಜ. ತೊಳೆದದ್ದನ್ನು ನಾನು ನೋಡಿರಲಿಲ್ಲ.

ಮುನಾವರನ ಕಾರಿನ ಸಾಮಾನಿನ ಅಂಗಡಿಗೆ ಇಬ್ಬರೂ ಹೋದೆವು. ಮುನಾವರ್ ಒಳ್ಳೆಯ ಮನುಷ್ಯ. ಸೀಟ್ ಕವರು, ಹಾರ್ನು, ದೃಷ್ಟಿ ಬೊಂಬೆ, ಇವುಗಳ ವಿಷಯ ಕೇಳಿದರೆ ಅಕ್ಕಪಕ್ಕದ ಅಂಗಡಿಯವರೂ ಬಂದು ಕೇಳಿಸಿಕೊಳ್ಳುವ ಹಾಗೆ ಹೇಳುತ್ತಾನೆ. ಆದರೆ ಹೊಸದಾಗಿ ಒಂದು ಕಂಪನಿಯವರು ಬಂದು ಅವನ ಒಂದು ಗೋಡೆ ತುಂಬ ಬಾಟಲಿ ಜೋಡಿಸಿ ಹೋಗಿದ್ದರು. ಎಲ್ಲವೂ ಒಂದೇ ಅಳತೆ, ಎಲ್ಲವೂ ಕಪ್ಪು. ಹೆಸರು ಮಾತ್ರ ಬೇರೆ. ವೆಲ್ವೆಟ್ ರೈನ್. ಮಿಡ್‌ನೈಟ್ ಬಟರ್. ಸೆಕೆಂಡ್ ಸ್ಕಿನ್. ಐವರಿ ಕೋಟ್. ಆರ್ಕ್ಟಿಕ್ ಫ್ಯೂರಿ. ಒಂದರ ಹೆಸರು ಬರೀ ‘ಸ್ಟೇಜ್ ತ್ರೀ’.

“ಮೊದ್ಲು ಯಾವ್ದು ಸಾಬ್ರೆ?” ಎಂದೆ ನಾನು.

ಮುನಾವರ್ ಗೋಡೆಯನ್ನೇ ನೋಡಿದ. “ನೋಡಣ್ಣಾ, ಕಂಪನಿಯೋರು ಎಸ್ರು ಇಟ್ಟವ್ರೆ, ಕೆಲ್ಸ ಏಳಿಲ್ಲ. ಸೇಲ್ಸ್‌ನೋನು ಬಂದಿದ್ದ. ಇದು ಏನಕ್ಕೆ ಅಂತ ಕೇಳ್ದೆ. ಇದು ಬರೀ ಪ್ರಾಡಕ್ಟ್ ಅಲ್ಲ, ಅನುಭವ ಅಂದ. ಯಾರ್ ಅನುಭವ ಅಂತ ಏಳ್ದೆ ಒಂಟೋದ.”

“ಈ ಸ್ಟೇಜ್ ತ್ರೀ ಅದೆಯಲ್ಲ, ಒಂದು ಎರಡು ಎಲ್ಲಿ?” ಎಂದೆ.

“ಸ್ಟೇಜ್ ಒನ್ ಬಂದೇ ಇಲ್ಲಣ್ಣಾ. ಟೂ ಅಂತ ಒಂದು ಇದ್ದದೋ ಇಲ್ವೋ ಅಲ್ಲಾಗೇ ಗೊತ್ತು.”

ಇಷ್ಟು ಕೇಳಿದ ಮೇಲೆ ಬುದ್ಧಿ ಇರುವವನು ಒಂದು ಸೋಪು ತೆಗೆದುಕೊಂಡು ಬರುತ್ತಾನೆ. ಅಷ್ಟರಲ್ಲಿ ಪ್ಯಾಂಟು ಶರ್ಟಿನ ಯಾರೋ ಅಂಗಡಿಗೆ ಬಂದರು. ಅವರ ಮುಂದೆ ಗೊತ್ತಿಲ್ಲ ಎನ್ನಲು ಶಿವಮಲ್ಲುವಿಗೆ ಮನಸ್ಸು ಬರಲಿಲ್ಲ. “ಇವೆಲ್ಲ ನಂಗೊತ್ತು ಬುಡಿ. ಒಂದೊಂದು ಕಟ್ಟಿ,” ಎಂದುಬಿಟ್ಟ. ಮುನಾವರ್ ಒಂದೊಂದು ಕಟ್ಟಿದ. ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಒಂದು ಬೂದು ಬಣ್ಣದ ಗಟ್ಟಿಯನ್ನೂ ಮೇಲಿಟ್ಟ. ಅದರ ಹೆಸರು ‘ಜೀರೋ’. ಅದು ಯಾಕೆ ಎಂದು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಆ ಗಟ್ಟಿಯ ಕಥೆ ಚಿಕ್ಕದು, ಹೇಳಿ ಮುಗಿಸುತ್ತೇನೆ. ಮಹಾಲಕ್ಷ್ಮಮ್ಮ ಚೀಲ ಬಿಚ್ಚಿದವಳು ಅದನ್ನು ಬೆಟ್ಟದಿಂದ ಯಾರೋ ತಂದುಕೊಟ್ಟ ವಿಭೂತಿ ಗಟ್ಟಿ ಎಂದುಕೊಂಡು ದೇವರ ಗೂಡಿನಲ್ಲಿಟ್ಟಳು. ಮಾರನೆಯ ದಿನ ಬೆಳಿಗ್ಗೆ ನಾನು ಅವರ ಮನೆಗೆ ಹೋದವನು ದೇವರಿಗೆ ಕೈ ಮುಗಿದು, ಗಟ್ಟಿ ತೆಗೆದು ಹಣೆಗೆ ಉಜ್ಜಿದೆ. ಬೂದಿ ಹತ್ತಲಿಲ್ಲ. ಇನ್ನಷ್ಟು ಒತ್ತಿ ಉಜ್ಜಿದೆ. ಆಗಲೂ ಹತ್ತಲಿಲ್ಲ. ಅದು ಕಾರಿನ ಮೈಗೆ ಅಂಟಿದ ಕೊಳೆ ಎಳೆಯುವ ಜೇಡಿಮಣ್ಣಿನ ಥರದ್ದು ಎಂದು ಎಷ್ಟೋ ದಿನದ ಮೇಲೆ ತಿಳಿಯಿತು. ಕೆಲಸ ಮಾಡುತ್ತದೆ, ಅದರಲ್ಲಿ ಮೋಸವಿಲ್ಲ. ನನ್ನ ಹಣೆ ಮೂರು ದಿನ ಶೋರೂಮಿನ ಹಾಗಿತ್ತು.

ಶನಿವಾರ ಬಾಟಲಿಗಳನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಇಟ್ಟು ಪಂಚಾಯಿತಿ ಸೇರಿತು. ಹಿಂದಿನ ಬೀದಿಯ ಉಮ್ಮೆ ಹಬೀಬಾಳನ್ನು ಕರೆಸಿದೆವು. ಅವಳು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಇಂಗ್ಲಿಷಿನಲ್ಲಿ ಅವಳಿಗೆ ಗೊತ್ತಿಲ್ಲದ್ದು ಇಂಗ್ಲೆಂಡಿನಲ್ಲೂ ಇರಲಾರದು. ಒಂದು ಬಾಟಲಿ ತೆಗೆದು ಓದಿದಳು.

“ವೆಲ್ವೆಟ್ ರೈನ್. ‘ನಿಮ್ಮ ವಾಹನದೊಡನೆ ನಿಮ್ಮ ಸಂಬಂಧವನ್ನು ಪುನಃ ಕಂಡುಕೊಳ್ಳಿ.’”

“ಸಂಬಂಧ ಇರ್ಲಿ ಕಣಮ್ಮಿ,” ಎಂದ ಶಿವಮಲ್ಲು. “ಅದು ಸೋಪಾ, ಎಣ್ಣೆನಾ?”

ಹಬೀಬಾ ಬಾಟಲಿಯನ್ನು ಸುತ್ತ ತಿರುಗಿಸಿದಳು. “ಅದನ್ನ ಬರ್ದಿಲ್ಲ ಅಂಕಲ್.”

“ಮುಂದಿಂದು ನೋಡು.”

“ಮಿಡ್‌ನೈಟ್ ಬಟರ್. ‘ಕತ್ತಲೆಯ ಆಳವನ್ನು ಧರಿಸಿ.’”

“ಯಾರು ಧರುಸ್ಬೇಕು? ನಾನಾ, ಗಾಡಿನಾ?”

“ಅದೂ ಬರ್ದಿಲ್ಲ ಅಂಕಲ್.”

ಸೆಕೆಂಡ್ ಸ್ಕಿನ್‌ಗೆ ‘ಇನ್ನು ನಿಮ್ಮನ್ನು ಏನೂ ಮುಟ್ಟಲಾರದು’ ಎಂದಿತ್ತು. ಐವರಿ ಕೋಟ್‌ಗೆ ‘ಶ್ವೇತದ ಪರಂಪರೆ’ ಎಂದಿತ್ತು. ಹಚ್ಚುವ ವಿಧಾನ ತಿಳಿಯಬೇಕಾದರೆ ಫೋನಿನಲ್ಲಿ ಸ್ಕ್ಯಾನ್ ಮಾಡಿ ಎಂದು ಪ್ರತಿಯೊಂದರ ಹಿಂದೆಯೂ ಒಂದು ಚೌಕವಿತ್ತು. ಹಬೀಬಾ ಸ್ಕ್ಯಾನ್ ಮಾಡಿದಳು. ಇನ್ನೊಂದು ಬಾಟಲಿ ಕೊಳ್ಳಿ ಎಂದು ಬಂತು. ಅದರ ಹೆಸರು ‘ಸೈಲೆನ್ಸ್’.

“ನಾನು ಷೇಕ್ಸ್‌ಪಿಯರ್ ಪಾಠ ಮಾಡ್ತೀನಿ ಅಂಕಲ್,” ಎಂದಳು ಹಬೀಬಾ, ಬೆವರು ಒರೆಸಿಕೊಳ್ಳುತ್ತಾ. “ಇಷ್ಟು ಕಷ್ಟ ಅಲ್ಲಿಲ್ಲ.”

ಆಗ ಮಹಾಲಕ್ಷ್ಮಮ್ಮ ಅಧಿಕಾರ ಕೈಗೆ ತೆಗೆದುಕೊಂಡಳು. ಒಂದೊಂದರ ಮುಚ್ಚಳ ತೆಗೆದು ಮೂಸಿದಳು. ಘಮ್ಮೆನ್ನುವುದು ಸೋಪು, ಜಿಡ್ಡಾಗಿರುವುದು ಎಣ್ಣೆ, ಮೂಗಿಗೆ ಹೊಡೆಯುವುದು ಔಷಧಿ ಎಂದು ವಿಂಗಡಿಸಿದಳು. ಮಕ್ಕಳನ್ನು ಹೇಗೆ ಮೀಯಿಸುತ್ತೇವೋ ಹಾಗೇ ಗಾಡಿಯನ್ನೂ ಮೀಯಿಸುವುದೆಂದು ತೀರ್ಮಾನವಾಯಿತು. ಮೊದಲು ಎಣ್ಣೆ, ಆಮೇಲೆ ಸೋಪು. ಹೀಗಾಗಿ ಚಕ್ರದ ರಬ್ಬರಿಗೆ ಹಚ್ಚಬೇಕಾದ ಮಿಡ್‌ನೈಟ್ ಬಟರ್ ಬಾನೆಟ್ಟಿಗೆ ಹೋಯಿತು. ಅದನ್ನು ತೆಗೆಯಲು ಅರ್ಧ ದಿನ ಹಿಡಿಯಿತು. ಆ ತಿಕ್ಕಾಟದಲ್ಲೇ ಅರಿಶಿನವೂ ಕಿತ್ತು ಬಂತು ಅನ್ನಿ. ಸಂಜೆ ಹೊತ್ತಿಗೆ ಓಮ್ನಿ ನಿಜವಾಗಿ ಬೆಳ್ಳಗಾಯಿತು. ಬೀದಿಯವರು ಬಂದು ನೋಡಿ ಹೋದರು. ನಂಬರ್ ಪ್ಲೇಟ್ ನೋಡಿ ಅದೇ ಗಾಡಿ ಎಂದು ಖಾತ್ರಿ ಮಾಡಿಕೊಂಡವರೂ ಇದ್ದರು. ಅಲ್ಲಿಗೆ ನಿಲ್ಲಿಸಬಹುದಿತ್ತು.

ಆದರೆ ಇನ್ನೂ ಹಾಕದ ಒಂದು ಬಾಟಲಿ ಉಳಿದಿತ್ತು. ಆರ್ಕ್ಟಿಕ್ ಫ್ಯೂರಿ. ಅದರ ಮೇಲೆ ಹಿಮದ ನಡುವೆ ಬಾಯಿ ತೆರೆದು ನಿಂತ ಕರಡಿಯ ಚಿತ್ರ.

“ಹಿಮ ಅದೆ ಅಂದ್ರೆ ತಂಪಿಂದು ಕಣ,” ಎಂದಳು ಮಹಾಲಕ್ಷ್ಮಮ್ಮ. “ಇದು ಕೊನೇಲಿ ಆಕದು. ನಾಳೆ ಬಿಸ್ಲಲ್ಲಿ ಎಣ್ಣು ಕೂತ್ಕತದೆ, ಒಳ್ಳೇದು.”

ಅದು ಎಲ್ಲಕ್ಕಿಂತ ಮೊದಲು ಹಾಕಿ, ಹಾಕಿದ ತಕ್ಷಣ ನೀರು ಸುರಿದು ತೊಳೆಯಬೇಕಾದ, ಸುಣ್ಣದಷ್ಟು ತೀಕ್ಷ್ಣವಾದ ಸೋಪು. ಹಾಗೆಂದು ಕರಡಿಯ ಮುಖ ನೋಡಿ ಹೇಳುವವರು ನಮ್ಮಲ್ಲಿ ಯಾರಿದ್ದರು? ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೊರಡುವ ಮೊದಲು ಶಿವಮಲ್ಲು ಇಡೀ ಬಾಟಲಿಯನ್ನು ತೋಟಕ್ಕೆ ಔಷಧಿ ಹೊಡೆಯುವ ಪಂಪಿಗೆ ಸುರಿದುಕೊಂಡು ಗಾಡಿಗೆ ಹೊಡೆದ. ಬಾಗಿಲ ಸಂದಿಗೆ, ಕಿಟಕಿಯ ರಬ್ಬರಿನ ಒಳಕ್ಕೆ, ಬಾನೆಟ್ಟಿನ ಅಂಚಿಗೆ, ಎಲ್ಲೆಲ್ಲಿ ಕೈ ಹೋಗದೋ ಅಲ್ಲೆಲ್ಲ ಹೊಡೆದ. ಕೈ ಹೋಗದ ಜಾಗದಲ್ಲೇ ಮೂವತ್ತು ವರ್ಷದ ಅರಿಶಿನ ಕೂತಿತ್ತು. ಬಿಸಿಲಿಗೆ ಎಲ್ಲ ಒಣಗಿತು. ಕಣ್ಣಿಗೆ ಏನೂ ಕಾಣಲಿಲ್ಲ. ಖಾಲಿಯಾದ ಆ ಬಾಟಲಿಯನ್ನೂ ಉಳಿದವನ್ನೂ ಒರೆಸುವ ಬಟ್ಟೆಗಳನ್ನೂ ಹಿಂದೆ ತುಂಬಿಕೊಂಡ, ದಾರಿಯಲ್ಲಿ ಧೂಳು ಕೂತರೆ ಬೇಕಾಗುತ್ತದೆಂದು. ಮಹಾಲಕ್ಷ್ಮಮ್ಮ ಬೆಳಿಗ್ಗೆಯೇ ನೆಂಟರ ಜೊತೆ ಗುಂಡ್ಲುಪೇಟೆಯ ಛತ್ರಕ್ಕೆ ಹೋಗಿದ್ದಳು. ನಾನು ಮುಂದಿನ ಸೀಟಿನಲ್ಲಿ ಕೂತೆ.

ಹರದನಹಳ್ಳಿ ದಾಟುವವರೆಗೆ ಬಿಸಿಲು. ಆಮೇಲೆ ಕಾಡಿನ ಕಡೆಯಿಂದ ಸಣ್ಣ ಮಳೆ ಶುರುವಾಯಿತು. ತುಂತುರು, ಅಷ್ಟೇ. ಎದುರಿಗೆ ಬೈಕಿನಲ್ಲಿ ಬಂದ ಒಬ್ಬ ನಮ್ಮ ಗಾಡಿ ನೋಡಿ ಬ್ರೇಕು ಹಾಕಿ, ಕೈ ತೋರಿಸಿ ಏನೋ ಕೂಗಿದ.

“ನೋಡ್ದಾ ಗುರುಪಾದಣ್ಣ?” ಎಂದ ಶಿವಮಲ್ಲು. “ಒಳಪು ಅಂದ್ರೆ ಇದು.”

ಮುಂದೆ ಟೀ ಅಂಗಡಿಯಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. ಶಿವಮಲ್ಲು ಕಿಟಕಿಯಿಂದ ಕೈ ಹೊರಗೆ ಹಾಕಿ ಮಂತ್ರಿಯ ಹಾಗೆ ಬೀಸಿದ. ಯಾರೂ ಕೈ ಬೀಸಲಿಲ್ಲ. ಒಬ್ಬ ಹೆಂಗಸು ಮಗುವಿನ ಕಣ್ಣು ಮುಚ್ಚಿದಳು. “ದೃಷ್ಟಿ ಆದದು ಅಂತ,” ಎಂದು ಶಿವಮಲ್ಲು ನನಗೆ ವಿವರಿಸಿದ. ಬಸ್ಸಿನ ಕಂಡಕ್ಟರ್ ಒಬ್ಬ ಸೀಟಿ ಊದಿದ. ನಾನು ಕೂಡ ಅದನ್ನು ಗೌರವ ಎಂದೇ ತಿಳಿದೆ, ಸುಳ್ಳು ಹೇಳುವುದಿಲ್ಲ.

ಪುಣಜನೂರಿನಲ್ಲಿ ಅರಣ್ಯದವರ ಗೇಟು ಇದೆ. ಗಂಗಾಂಬಿಕೆಯ ಮನೆ ಗೇಟಿನ ಆಚೆ, ಕೂಗಿದರೆ ಕೇಳಿಸುವಷ್ಟು ದೂರ. ಗೇಟಿನಲ್ಲಿದ್ದ ಗಾರ್ಡು ಸುನೀಲ್ ಕುಮಾರ್ ನಮ್ಮ ಗಾಡಿ ನೋಡಿದ್ದೇ ತಡ, ಎತ್ತಿದ್ದ ಗೇಟನ್ನು ಕೆಳಕ್ಕೆ ಬಿಟ್ಟ. ಕೋಲು ಹಿಡಿದು ಹತ್ತಿರ ಬಂದ.

“ಏನು ಪ್ರಾಣಿ?” ಎಂದ.

“ಪ್ರಾಣಿ ಅಲ್ಲ ಸಾರ್, ನಾನು ಎಣ್ಣಿನ ಸೋದರ್ಮಾವ.”

“ನಿಮ್ಮನ್ನ ಕೇಳ್ತಿಲ್ಲ ಸ್ವಾಮಿ. ಯಾವ ಪ್ರಾಣಿಗೆ ಗುದ್ದಿದ್ರಿ? ಜಿಂಕೆನಾ, ಕಡವೆನಾ? ಇಳೀರಿ ಕೆಳಗೆ.”

ಇಳಿದೆವು. ನೋಡಿದೆವು. ಶಿವಮಲ್ಲು ಗಾಡಿಯನ್ನೇ ಹಿಡಿದುಕೊಂಡು ನಿಂತ. ಬೆಳ್ಳಗಿದ್ದ ಓಮ್ನಿಯ ಬಾಗಿಲ ಸಂದಿಯಿಂದ, ಕಿಟಕಿಯ ಕೆಳಗಿನಿಂದ, ಬಾನೆಟ್ಟಿನ ಬಾಯಿಯಿಂದ ಕೆಂಪು ಇಳಿಯುತ್ತಿತ್ತು. ಅಂಥಿಂಥ ಕೆಂಪಲ್ಲ. ದೀಪಗಳ ಕೆಳಗೆ ಎರಡು ಧಾರೆ ಕಣ್ಣೀರಿನ ಹಾಗೆ ಇಳಿದಿತ್ತು. ಹಿಂದಿನ ಚಕ್ರದ ಹತ್ತಿರ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಸಾಲಿನಲ್ಲಿ ನಮ್ಮ ಹಿಂದೆ ನಿಂತ ತೆಂಗಿನಕಾಯಿ ಲಾರಿಯ ತಮಿಳು ಡ್ರೈವರು ಇಳಿದು ಬಂದು, “ಅಯ್ಯಯ್ಯೋ, ಎನ್ನಾಚ್ಚು?” ಎಂದು ತಲೆಯ ಮೇಲೆ ಕೈ ಹೊತ್ತ.

“ಏನೂ ಗುದ್ದಿಲ್ಲ ಸಾರ್, ನಮ್ಮಪ್ಪನಾಣೆ! ಇದು ಆರ್ಕ್ಟಿಕ್ ಫ್ಯೂರಿ!”

“ಏನದು? ಬಂದೂಕಾ?”

“ತಂಪಿಂದು ಸಾರ್. ಬಾಟ್ಲಿ ಇಲ್ಲೇ ಅದೆ.”

ಬಾಟಲಿ ತೋರಿಸಬಾರದಿತ್ತು. ಸುನೀಲ್ ಕುಮಾರ್ ಅದನ್ನು ತಿರುಗಿಸಿ ನೋಡಿದ. “ಕರಡಿ,” ಎಂದ. ಹಿಂದಿನ ಬಾಗಿಲು ತೆಗೆಸಿದ. ಬಾಗಿಲ ಸಂದಿಯಿಂದ ಒಳಗಿಳಿದ ನೀರಿಗೆ ಒರೆಸುವ ಬಟ್ಟೆಗಳೆಲ್ಲ ಕೆಂಪಾಗಿ ನೆನೆದು ಕೂತಿದ್ದವು. ಅವುಗಳ ನಡುವೆ ಉಳಿದ ಬಾಟಲಿಗಳು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ಓದಿದ.

“ಸೆಕೆಂಡ್ ಸ್ಕಿನ್. ಅಂದ್ರೆ ಎರಡನೇ ಚರ್ಮ.” ನಮ್ಮಿಬ್ಬರನ್ನೂ ನೋಡಿದ. “ಮೊದಲನೇ ಚರ್ಮ ಎಲ್ಲಿ?”

“ಅದು ಎಸ್ರು ಸಾರ್, ಬರೀ ಎಸ್ರು!”

“ಮಿಡ್‌ನೈಟ್ ಬಟರ್. ಮಧ್ಯರಾತ್ರಿ. ಕಾಡಿಗೆ ರಾತ್ರಿ ಹೊತ್ತು ಹೋಗೋ ಅಭ್ಯಾಸ ಎಷ್ಟು ದಿನದಿಂದ?”

“ನಾನು ರಾತ್ರಿ ಹಿತ್ಲಿಗೂ ಒಬ್ನೇ ಓಗಲ್ಲ ಸಾರ್. ಬೇಕಾದ್ರೆ ಗುರುಪಾದಣ್ಣನ್ನ ಕೇಳಿ.”

ನಾನು ತಲೆಯಾಡಿಸಿದೆ. ಅದು ಸತ್ಯ.

ಮುಂದಿನ ಬಾಟಲಿ ಓದಿ ಸುನೀಲ್ ಕುಮಾರನ ದನಿಯೇ ತಗ್ಗಿತು. “ಐವರಿ ಕೋಟ್.” ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಐವರಿ ಅಂದ್ರೆ ದಂತ. ಆನೆ ದಂತ.”

ತೆಂಗಿನಕಾಯಿ ಲಾರಿಯವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಕರಡಿ, ಚರ್ಮ, ದಂತ, ಮಧ್ಯರಾತ್ರಿ, ಮೇಲೆ ರಕ್ತ. ಒಂದು ಗಾಡಿಯಲ್ಲಿ ಇಷ್ಟು ಸಿಕ್ಕರೆ ಪಾಪ, ಗಾರ್ಡು ಏನು ಮಾಡಬೇಕು? ಗಾಡಿಯ ಕೀ ಕಿತ್ತುಕೊಂಡ. ರೇಂಜರ್ ಸಾಹೇಬರಿಗೆ ಫೋನು ಮಾಡಿದ. “ಸಾಹೇಬ್ರು ಬಂದು ನೋಡೋವರೆಗೂ ಗಾಡಿ ಇಲ್ಲಿಂದ ಅಲ್ಲಾಡಂಗಿಲ್ಲ,” ಎಂದ. ಶಿವಮಲ್ಲು ಗಡಿಯಾರ ನೋಡಿಕೊಂಡ. ನಾಲ್ಕಾಗುತ್ತಿತ್ತು.

ಸುದ್ದಿಗೆ ಗೇಟಿಲ್ಲ. ಮದುವೆ ಮನೆಗೆ ಮೊದಲು ಹೋದದ್ದು ‘ಶಿವಮಲ್ಲು ಜಿಂಕೆಗೆ ಗುದ್ದಿದ’. ಅದರ ಹಿಂದೆ ‘ಕರಡಿ ಶಿವಮಲ್ಲುಗೆ ಗುದ್ದಿತು’. ಕೊನೆಯಲ್ಲಿ ಹೋದದ್ದು ‘ಗಾಡೀಲಿ ಆನೆ ಸಿಕ್ಕಿತಂತೆ’. ಓಮ್ನಿಯಲ್ಲಿ ಆನೆ ಹಿಡಿಯುತ್ತದೆಯೇ ಎಂದು ಯಾರೂ ಯೋಚಿಸಲಿಲ್ಲ. ಎಲ್ಲರೂ ಗೇಟಿಗೆ ಓಡಿ ಬಂದರು. ಮುಂದೆ ಗಂಗಾಂಬಿಕೆ. ಅವಳ ಹಿಂದೆ ಅವರ ತಾಯಿ ಲಕ್ಷ್ಮಿದೇವಮ್ಮ, ಬೆನ್ನು ಬಾಗಿದ ಮುದುಕಿ, ಕೈಯಲ್ಲಿ ಆರತಿ ತಟ್ಟೆ. ಮಗನ ಗಾಡಿಗೆ ಎತ್ತಲೆಂದು ಬಾಗಿಲಲ್ಲಿ ಹಿಡಿದು ನಿಂತಿದ್ದವಳು ಹಾಗೇ ಬಂದಿದ್ದಳು. ಇವರೆಲ್ಲರ ಹಿಂದೆ ಗಂಡಿನ ಚಿಕ್ಕಪ್ಪ, ಕೂಲಿಂಗ್ ಗ್ಲಾಸು ಹಾಕಿಕೊಂಡು. ಕರೀ ಕಾರಿನಲ್ಲಿ ಅವನು ಅರ್ಧ ಗಂಟೆ ಮೊದಲೇ ಬಂದು ಮದುವೆ ಮನೆಯ ಮುಂದೆ ಅದನ್ನು ನಿಲ್ಲಿಸಿದ್ದ.

“ಬೆಳ್ಳಗೆ ತತ್ತಾ ಅಂದ್ರೆ ಇದೇನ್ಲಾ ತಂದಿರದು?” ಎಂದಳು ಗಂಗಾಂಬಿಕೆ.

“ಬೆಳ್ಳಗೇ ಇತ್ತು ಕಣಕ್ಕ! ಹರದನಹಳ್ಳಿ ಗಂಟ ಬೆಳ್ಳಗೇ ಇತ್ತು!”

ಗಂಡಿನ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ. “ಏನೂ ತೊಂದ್ರೆ ಇಲ್ಲ ಬುಡಿ. ಇಂಗೇನಾರ ಆಗ್ಬೋದು ಅಂತ್ಲೇ ನಾವು ಕಾರು ತಂದಿರದು. ಎಣ್ಣನ್ನ ಕೂರ್ಸಿ, ಓಗನ. ಸೋದರ್ಮಾವ್ನೋರು ಕೇಸು ಮುಗುಸ್ಕಂಡು ನಿಧಾನುಕ್ ಬರ್ಲಿ.”

ಶಿವಮಲ್ಲುವಿನ ಮುಖ ನೋಡಲಾಗಲಿಲ್ಲ. ಅಷ್ಟರಲ್ಲಿ ಲಕ್ಷ್ಮಿದೇವಮ್ಮ ಜನರ ಕಾಲುಗಳ ನಡುವೆ ನುಸುಳಿ ಗಾಡಿಯ ಹತ್ತಿರ ಹೋಗಿ, ಕೆಂಪಿಗೆ ಬೆರಳಿಟ್ಟು ಮೂಸಿದಳು.

“ಅಜ್ಜಿ, ಸಾಕ್ಷಿ ಮುಟ್ಟಬೇಡಿ!” ಎಂದ ಸುನೀಲ್ ಕುಮಾರ್.

“ಸಾಕ್ಷಿಯಂತೆ, ಮೂದೇವಿ. ನಿಮ್ಮವ್ವ ನಿಂಗೆ ಆರತಿ ಎತ್ನಿಲ್ವಾ? ಅರಿಶಿನುಕ್ಕೆ ಸುಣ್ಣದಂತಾದ್ದು ಏನೋ ಬಿದ್ದದೆ. ಕೆಂಪಾಗ್ದೆ ಇನ್ನೇನು ಹಸ್ರಾದದಾ?” ಕೈಯಲ್ಲಿದ್ದ ತಟ್ಟೆಯನ್ನು ಗಾಡಿಯ ಬಾಗಿಲಿಗೆ ಹಿಡಿದಳು. ತಟ್ಟೆಯ ನೀರು, ಬಾಗಿಲ ನೀರು, ಎರಡೂ ಒಂದೇ ಕೆಂಪು. ಅರಿಶಿನ ಸುಣ್ಣದ ಆರತಿ ನೀರು. ಶಿವಮಲ್ಲು ಇಡೀ ಓಮ್ನಿಯಲ್ಲಿ ಆರತಿ ಕಲಸಿಕ್ಕಿದ್ದ.

ಸುನೀಲ್ ಕುಮಾರ್ ಎರಡನ್ನೂ ನೋಡಿದ. ಬೆರಳದ್ದಿ ತಾನೂ ಮೂಸಿದ. ನ್ಯಾಯವಂತ. “ಸರಿ ಅಜ್ಜಿ, ರಕ್ತ ವಾಪಸ್ ತಗೊಂಡೆ,” ಎಂದ. “ಆದ್ರೆ ಚರ್ಮ, ದಂತ ಉಳೀತಲ್ಲ. ಅದನ್ನ ಸಾಹೇಬ್ರೇ ಬಂದು ಹೇಳ್ಬೇಕು.”

ರಾಹುಕಾಲಕ್ಕೆ ಕಾಲು ಗಂಟೆ ಉಳಿದಿತ್ತು. ಚಿಕ್ಕಪ್ಪ ಕರೀ ಕಾರಿನ ಡ್ರೈವರಿಗೆ ಕೈಸನ್ನೆ ಮಾಡಿದ. ಗಂಗಾಂಬಿಕೆ ತಮ್ಮನ ಕಡೆ ನೋಡದೆ ಮನೆಯ ಕಡೆ ತಿರುಗಿದಳು.

“ಎಲ್ಲಿಗ್ ಓದೀಯೆ ನಿಂತ್ಕ,” ಎಂದಳು ಮುದುಕಿ. “ನಿನ್ನ ಈ ಊರಿಗೆ ಕೊಟ್ಟಾಗ ನಿನ್ ಸೋದರ್ಮಾವ ಯಾವ ಕಾರು ತಂದಿದ್ದ? ಊರ ಗಡಿ ದಾಟೋ ಗಂಟ ತೋಳ್ ಮ್ಯಾಲೆ ಎತ್ಕಂಡ್ ಬಂದ. ಹಕ್ಕಿರದು ಗಾಡಿಗಲ್ಲ, ತೋಳ್ಗೆ. ಗೇಟೇ ಗಡಿ. ಲೋ ಮಲ್ಲು, ಓಗು, ಎತ್ಕಂಡ್ ಬಾ. ಗೇಟು ದಾಟ್ಸಿದ್ ಮ್ಯಾಲೆ ಅವ್ಳು ಯಾವ್ದ್ರಲ್ಲಾರ ಕೂತ್ಕಳ್ಳಿ.”

ಎಲ್ಲರಿಗೂ ಚೈತ್ರಳ ತೂಕ ಗೊತ್ತಿತ್ತು.

“ಅವ್ವ, ಮೊದ್ಲೇ ನಂಗೆ ಶುಗರ್ರು...”

“ಆಗಲ್ಲ ಅಂದ್ರೆ ಏಳ್ಬುಡು. ಕರೀ ಕಾರು ಅದೆ.”

ಗಂಡಿನ ಚಿಕ್ಕಪ್ಪ ನಕ್ಕ. ಅವನು ನಗಬಾರದಿತ್ತು. ಶಿವಮಲ್ಲು ಪಂಚೆ ಮೇಲಕ್ಕೆ ಕಟ್ಟಿದ. ಸುನೀಲ್ ಕುಮಾರ್ ಅವನನ್ನು ಬಿಡಲು ಒಪ್ಪಲಿಲ್ಲವಾದ್ದರಿಂದ ನನ್ನನ್ನು ಒತ್ತೆಯಾಗಿ ಗೇಟಿನ ಬೆಂಚಿನ ಮೇಲೆ ಕೂರಿಸಿದರು. ಮದುವೆಯಲ್ಲಿ ನನಗೆ ಸಿಕ್ಕ ಒಳ್ಳೆಯ ಜಾಗ ಅದೇ. ಎಲ್ಲ ಕಾಣುತ್ತಿತ್ತು.

ಮೊದಲು ವಾಲಗದವರು ಬಂದರು. ಅವರ ಹಿಂದೆ ರಸ್ತೆಯ ನಡುವೆ ಶಿವಮಲ್ಲು. ತೋಳಿನಲ್ಲಿ ರೇಷ್ಮೆ ಸೀರೆಯ ಚೈತ್ರ. ಅವನು ನಡೆಯುತ್ತಿದ್ದನೋ ಬೀಳುತ್ತಿದ್ದನೋ ಹೇಳುವುದು ಕಷ್ಟ, ಮುಂದಕ್ಕಂತೂ ಬರುತ್ತಿದ್ದ. ಕತ್ತಿನ ನರ ಹಗ್ಗವಾಗಿತ್ತು. ಚೈತ್ರ ಮೇಲಿನಿಂದ ಪಿಟಿ ಮೇಡಂ ದನಿಯಲ್ಲಿ ಹೇಳುತ್ತಿದ್ದಳು: “ಮಾವ, ಬೆನ್ನು ಬಗ್ಗುಸ್ಬೇಡಿ. ಮೊಣಕಾಲಲ್ಲಿ ತಡ್ಕಳಿ. ಉಸ್ರು ಬುಡಿ. ಬುಡಿ ಅಂದ್ರೆ ಬುಡಿ!” ಹಿಂದೆ ಕರೀ ಕಾರು ಮೆಲ್ಲಗೆ ತೆವಳುತ್ತಿತ್ತು. ಅದರ ಮೇಲಿನ ಕಿಟಕಿ ತೆರೆದು ಮದುವೆ ಮನೆಯ ಮಕ್ಕಳು ತಲೆ ಹೊರಗೆ ಹಾಕಿ ಕೂಗುತ್ತಿದ್ದವು. ಗೇಟಿನ ಎರಡೂ ಕಡೆ ಲಾರಿಗಳು ಸಾಲುಗಟ್ಟಿ ಹಾರ್ನು ಹೊಡೆಯುತ್ತಿದ್ದವು. ಸುನೀಲ್ ಕುಮಾರ್ ಓಡಿಹೋಗಿ ಗೇಟು ಎತ್ತಿ ಅಟೆನ್ಷನ್ನಿನಲ್ಲಿ ನಿಂತ.

ಸರಿಯಾಗಿ ಆಗಲೇ ಈಚೆ ಕಡೆಯಿಂದ ರೇಂಜರ್ ಸಾಹೇಬರ ಜೀಪು ಬಂತು. ಸಾಹೇಬರು ಇಳಿದು, ಕೆಂಪು ಓಮ್ನಿ ನೋಡಿ, ಬಾಟಲಿ ಕೈಗೆತ್ತಿಕೊಂಡರು. ಅವರ ಮುಖ ಮೆತ್ತಗಾಯಿತು.

“ಅಯ್ಯೋ, ಇದಾ! ಇದನ್ನ ನಾನೂ ತಗೊಂಡಿದ್ದೀನಿ ಕಣ್ರೀ. ಹೊಸ ಕಾರಿಗೆ ಅಂತ. ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗದೆ ಹಾಗೇ ಮಡಗಿದ್ದೀನಿ. ಯಾರ್ರೀ ಇದನ್ನ ಹಾಕಿದ್ದು?”

ಸುನೀಲ್ ಕುಮಾರ್ ತೋರಿಸಿದ. ಸಾಹೇಬರು ಶಿವಮಲ್ಲುವಿನ ಎದುರಿಗೇ ಹೋಗಿ ನಿಂತರು. ಶಿವಮಲ್ಲು ಗೇಟಿನ ಕೆಳಗಿದ್ದ, ಒಂದು ಕಾಲು ಆಚೆ, ಒಂದು ಈಚೆ.

“ನೀವೇನಾ? ಒಂದು ಮಾತು ಹೇಳಿ. ಈ ಸ್ಟೇಜ್ ತ್ರೀ ಹಾಕೋಕೆ ಮುಂಚೆ ಸ್ಟೇಜ್ ಟೂ ಎಲ್ಲಿ ಸಿಗುತ್ತೆ?”

ಶಿವಮಲ್ಲುವಿನ ಕಣ್ಣು ಮೇಲಕ್ಕೆ ಹೋಗಿತ್ತು. ಆದರೂ ತಿಳಿದವನು ಎಂದು ಒಬ್ಬ ಅಧಿಕಾರಿ ಕೇಳಿದರೆ ಬಿಡುವುದುಂಟೇ? “ಟೂ... ಬೇಕಾಗಿಲ್ಲ... ಸಾರ್,” ಎಂದ, ಒಂದೊಂದು ಪದಕ್ಕೂ ಒಂದೊಂದು ಉಸಿರು ಎಳೆದು. “ಕರಡಿ... ಕೊನೇಲಿ... ಆಕ್ಬ್ಯಾಡಿ.”

ಸಾಹೇಬರು ಫೋನಿನಲ್ಲಿ ಅದನ್ನು ಟೈಪು ಮಾಡಿಕೊಂಡರು. ಆಮೇಲೆ, “ಸುನೀಲಾ, ಇದು ಕಾರಿಗೆ ಹಾಕೋ ಮೇಣ ಕಣಯ್ಯ, ದಂತ ಅಲ್ಲ. ಕೀ ಕೊಟ್ಟು ಕಳಿಸು,” ಎಂದರು.

“ಗಾಡಿ ಬುಟ್ರು! ಇಳ್ಸ್‌ಲಾ ಮಲ್ಲು, ಇಳ್ಸು!” ಎಂದು ಗಂಗಾಂಬಿಕೆ ಕೂಗಿದಳು.

“ಇಳ್ಸಲ್ಲ!” ಎಂದ ಶಿವಮಲ್ಲು. “ನಡ್ದಾರೀಲಿ ಇಳ್ಸುದ್ರೆ ಶಾಸ್ತ್ರ ಕೆಟ್ಟೋದದೆ.” ಎರಡನೇ ಕಾಲನ್ನೂ ಈಚೆಗೆ ತಂದ. ಕರೀ ಕಾರು ಹಿಂದೆ ಬಾಗಿಲು ತೆರೆದು ನಿಂತಿತ್ತು. ಅದರ ಕಡೆ ತಿರುಗಿ ನೋಡಲಿಲ್ಲ; ತಿರುಗಲು ಕತ್ತೂ ಬರುತ್ತಿರಲಿಲ್ಲ. ನಾನು ಬೆಂಚಿನಿಂದ ಎದ್ದು ಓಮ್ನಿಯ ಬಾಗಿಲು ಎಳೆದೆ. ಚೈತ್ರಳನ್ನು ಸೀಟಿನ ಮೇಲೆ ಇಳಿಸಿದ. ಸೀರೆಯ ಅಂಚಿಗೆ ಕೆಂಪು ಹತ್ತಿತು. ಲಕ್ಷ್ಮಿದೇವಮ್ಮ ಗಾಡಿಗೆ ಆರತಿ ಎತ್ತಿದಳು, ಅದರ ಅಗತ್ಯ ಇರಲಿಲ್ಲ. ರಾಹುಕಾಲಕ್ಕೆ ಮೊದಲು ಹೊರಟೆವು.

ಚಾಮರಾಜನಗರ ದಾಟಿ ಗುಂಡ್ಲುಪೇಟೆ ಮುಟ್ಟುವವರೆಗೆ ಶಿವಮಲ್ಲು ಸ್ಟೀರಿಂಗಿನ ಮೇಲೆ ಬಾಗಿಕೊಂಡೇ ಗಾಡಿ ಓಡಿಸಿದ. ಛತ್ರದ ಮುಂದೆ ಗಾಡಿ ನಿಂತಾಗ ಜನ ಸೇರಿದರು. ಗಂಡಿನ ಕಡೆಯ ಒಬ್ಬ ಹಿರಿಯ ಹೆಂಗಸು ಕೆಂಪು ಧಾರೆಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, “ನಮ್ಮಲ್ಲಿ ಬರೀ ಹೂವಾ ಕಟ್ತೀವಿ, ನಿಮ್ ಕಡೆ ಇಂಗಾ?” ಎಂದಳು. “ನಮ್ ಕಡೆ ಇಂಗೇ,” ಎಂದೆ ನಾನು. ಚೈತ್ರ ಇಳಿದು ಒಳಕ್ಕೆ ಹೋದಳು. ಶಿವಮಲ್ಲು ಇಳಿಯಲಿಲ್ಲ. ಇಳಿಯಲು ಹೊರಟ, ಆಗಲಿಲ್ಲ. ಇಬ್ಬರು ಸೇರಿ ಎಳೆದು ನಿಲ್ಲಿಸಿದೆವು. ಗಾಡಿಯಲ್ಲಿ ಯಾವ ಆಕಾರದಲ್ಲಿ ಕೂತಿದ್ದನೋ ಅದೇ ಆಕಾರದಲ್ಲಿ ನಿಂತ. ಮಹಾಲಕ್ಷ್ಮಮ್ಮ ರಾತ್ರಿಯಿಡೀ ಸೊಂಟಕ್ಕೆ ಎಣ್ಣೆ ತಿಕ್ಕಿದಳು. ಯಾವ ಎಣ್ಣೆ ಎಂದು ನಾನು ಕೇಳಲಿಲ್ಲ.

ಬೆಳಿಗ್ಗೆ ಮುಹೂರ್ತದ ಹೊತ್ತಿಗೆ ಮದುವೆ ಮಾಡಿಸುವ ಅಯ್ನೋರು ಮೈಕಿನಲ್ಲಿ ಕೂಗಿದರು, “ಹೆಣ್ಣಿನ ಸೋದರಮಾವ ಹೆಣ್ಣನ್ನು ಮಂಟಪಕ್ಕೆ ಕರೆತರಬೇಕು.” ಇನ್ನೊಮ್ಮೆ ಕೂಗಿದರು. ಕೋಣೆಯ ಬಾಗಿಲು ತೆರೆಯಿತು. ಚೈತ್ರ ನೆಟ್ಟಗೆ ಬಂದಳು. ಅವಳ ಕೈ ಹಿಡಿದು, ಅರ್ಧಕ್ಕೆ ಬಾಗಿ, ಅವಳ ಹೆಜ್ಜೆಗೆ ಹೆಜ್ಜೆ ಹಾಕಲಾರದೆ, ಅವಳು ಎಳೆದ ಕಡೆ ಶಿವಮಲ್ಲು ಬಂದ. ಮೆಟ್ಟಿಲ ಹತ್ತಿರ ಅವಳೇ ಅವನ ಸೊಂಟಕ್ಕೆ ಕೈ ಕೊಟ್ಟು ಮೇಲಕ್ಕೆ ಹತ್ತಿಸಿದಳು.

ಗಂಡಿನ ಚಿಕ್ಕಪ್ಪ ಮಂಟಪದ ಪಕ್ಕದಲ್ಲೇ ನಿಂತಿದ್ದ. “ಇದೇನ್ ಶಾಸ್ತ್ರ ಸ್ವಾಮಿ?” ಎಂದ, ಎಲ್ಲರಿಗೂ ಕೇಳಿಸುವ ಹಾಗೆ. “ಯಾರು ಯಾರನ್ನ ಕರ್ಕಂಡ್ ಬಂದ್ರು ಇಲ್ಲಿ?”

“ಕರ್ಕಂಡ್ ಬಂದೋನು ನಾನೇ,” ಎಂದ ಶಿವಮಲ್ಲು, ನೆಲ ನೋಡುತ್ತಾ.